ಚಳಿಯಲ್ಲಿ ಕೂಲೆಂಟ್ ಸೋರಿಕೆ: ಬೆಳಿಗ್ಗೆ ತೊಟ್ಟಿಕ್ಕುತ್ತೆ, ಇಂಜಿನ್ ಬಿಸಿಯಾದರೆ ನಿಲ್ಲುತ್ತೆ

ಪ್ರಶ್ನೆ

ನಮಸ್ಕಾರ. ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಕಾರು ತೆಗೆದರೆ ನೆಲದ ಮೇಲೆ ಅಂಗೈಯಗಲದ ಗುಲಾಬಿ ಬಣ್ಣದ ಕಲೆ ಇರುತ್ತೆ. ಕೈಗೆ ಅಂಟಂಟು. ಬೇಸಿಗೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ವಿಚಿತ್ರ ಏನಂದ್ರೆ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಬಗ್ಗಿ ನೋಡಿದರೆ ಎಲ್ಲೂ ಸೋರೋದಿಲ್ಲ. ಮತ್ತೆ ರಾತ್ರಿ ಕಳೆದರೆ ಕಲೆ ತಯಾರು.

ಸುಮಾರು ಐದು ವಾರದಿಂದ ಇಂಜಿನ್ ಪಕ್ಕದ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿದಾಗೆಲ್ಲ ನಲ್ಲಿ ನೀರು ಹಾಕ್ತಾ ಬಂದಿದ್ದೇನೆ. ಲೆಕ್ಕ ಹಾಕಿದರೆ ಒಟ್ಟು ಮೂರು ಲೀಟರ್ ಆಗಿರಬಹುದು. ಕೈಪಿಡಿಯಲ್ಲಿ ಕೂಲೆಂಟ್ ಒಟ್ಟು ಆರು ಲೀಟರ್ ಅಂತ ಇದೆ. ಈಗ ರಾತ್ರಿ ಮೈನಸ್ 10 ಡಿಗ್ರಿವರೆಗೆ ಇಳೀತಿದೆ, ಮುಂದಿನ ವಾರ ಮೈನಸ್ 18 ಆಗುತ್ತೆ ಅಂತ ಮುನ್ಸೂಚನೆ. ಗ್ಯಾರೇಜಿನವರು ಹತ್ತು ದಿನ ಬಿಟ್ಟು ಬನ್ನಿ ಅಂದರು. ಸ್ಪ್ಯಾನರ್ ಹಿಡಿಯೋದು ನನಗೆ ಹೊಸದಲ್ಲ, ಬ್ರೇಕ್ ಪ್ಯಾಡ್ ನಾನೇ ಬದಲಿಸ್ತೇನೆ. ಇದನ್ನು ಮನೆಯಲ್ಲೇ ಸರಿ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ (ಮೆಕ್ಯಾನಿಕ್)

ಮಾಡಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆದರಿಸಿದ್ದು ಸೋರಿಕೆ ಅಲ್ಲ, ಆ ಮೂರು ಲೀಟರ್ ನೀರು. ಮೊದಲು ಅದರ ಬಗ್ಗೆ ಹೇಳ್ತೇನೆ, ಯಾಕಂದ್ರೆ ಅದಕ್ಕೆ ಹತ್ತು ದಿನ ಕಾಯೋಕೆ ಆಗೋದಿಲ್ಲ.

ಕೂಲೆಂಟ್ ಅಂದರೆ ಇಂಜಿನ್ ತಂಪಾಗಿಡುವ ದ್ರವ. ಅದು ಎಥಿಲೀನ್ ಗ್ಲೈಕಾಲ್, ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟೋದಿಲ್ಲ. ನಿಮ್ಮದು ಒಂದೇ ಸಲ ಮೂರು ಲೀಟರ್ ಸೋರಿ ಹೋಗಿಲ್ಲ. ಸ್ವಲ್ಪ ಸೋರಿದೆ, ನೀರು ಹಾಕಿದ್ದೀರಿ, ಆಮೇಲೆ ಆ ತೆಳುವಾದ ಮಿಶ್ರಣದಲ್ಲೇ ಮತ್ತಷ್ಟು ಸೋರಿದೆ. ಹಾಗೆ ಲೆಕ್ಕ ಹಿಡಿದರೆ ಈಗ ಒಳಗೆ ಗ್ಲೈಕಾಲ್ ಶೇಕಡಾ 30ರ ಆಸುಪಾಸು ಇರುತ್ತೆ. ಅದು ತಡೆಯೋದು ಮೈನಸ್ 15ರ ತನಕ. ಮುಂದಿನ ವಾರ ಮೈನಸ್ 18 ಅಂತೀರಿ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ಎರಕದ ಇಂಜಿನ್ ಬ್ಲಾಕಿಗೆ ಅಷ್ಟು ಹಿಗ್ಗೋಕೆ ಜಾಗ ಎಲ್ಲಿದೆ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರು ಟ್ರಕ್ಕಿನ ಮೇಲೆ ಬಂತು. ಬೇಸಿಗೆಯಿಡೀ ಬರೀ ನೀರು ಕುಡಿಸಿದ್ದ ಇಂಜಿನ್. ಬ್ಲಾಕಿನ ಪಕ್ಕದಲ್ಲಿ ದೊಡ್ಡ ನಾಣ್ಯದಷ್ಟಿರುವ ಲೋಹದ ಬಿಲ್ಲೆಗಳು ಇರ್ತವೆ, ಕೋರ್ ಪ್ಲಗ್ ಅಂತೀವಿ. ಎರಕದ ಮರಳು ತೆಗೆಯೋಕೆ ಬಿಟ್ಟ ತೂತುಗಳನ್ನು ಮುಚ್ಚುವ ಬಿಲ್ಲೆಗಳವು. ಅದರಲ್ಲೊಂದು ಹೊರಗೆ ಬಂದು ಕೆಳಗಿನ ತಗಡಿನ ಮೇಲೆ ಬಿದ್ದಿತ್ತು. ಅದು ಬಿಟ್ಟುಕೊಟ್ಟಿದ್ದರಿಂದ ಬ್ಲಾಕ್ ಉಳಿದಿರಬಹುದು ಅಂದುಕೊಂಡೆವು. ಉಳಿದಿರಲಿಲ್ಲ. ಹೊರಗೋಡೆಯ ಮೇಲೆ ಕೂದಲೆಳೆಯಂಥ ಗೆರೆ, ಒರೆಸಿದಷ್ಟೂ ತೇವ ಆಗ್ತಿತ್ತು. ಒಂದು ಇಡೀ ಇಂಜಿನ್ ಹೋಯ್ತು. ಅದನ್ನು ನೋಡಿದ ಮೇಲೆ ಚಳಿಗಾಲದಲ್ಲಿ ಯಾರಾದರೂ ‘ಸ್ವಲ್ಪ ನೀರು ಹಾಕಿದ್ದೀನಿ’ ಅಂದರೆ ನಾನು ಮೊದಲು ಕೈಗೆತ್ತಿಕೊಳ್ಳೋದು ರಿಫ್ರ್ಯಾಕ್ಟೋಮೀಟರ್. ಒಂದು ಹನಿ ಗಾಜಿನ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಎಷ್ಟು ಡಿಗ್ರಿವರೆಗೆ ರಕ್ಷಣೆ ಇದೆ ಅಂತ ನೇರವಾಗಿ ತೋರಿಸುತ್ತೆ. ದುಬಾರಿ ಸಾಮಾನಲ್ಲ, ಒಂದು ತಗೊಳ್ಳಿ. ನನ್ನ ಲೆಕ್ಕವನ್ನು ಅದು ಸರಿಯೋ ತಪ್ಪೋ ಹೇಳುತ್ತೆ. ಅಲ್ಲಿಯವರೆಗೆ ಸಾಧ್ಯವಿದ್ದರೆ ರಾತ್ರಿ ಕಾರನ್ನು ಛಾವಣಿ, ಗೋಡೆ ಇರುವ ಕಡೆ ನಿಲ್ಲಿಸಿ.

ಈಗ ಸೋರಿಕೆ. ತಣ್ಣಗಿದ್ದಾಗ ಸೋರಿ ಬಿಸಿಯಾದಾಗ ನಿಲ್ಲೋದು ವಿಚಿತ್ರವಲ್ಲ, ನಮ್ಮಲ್ಲಿ ಅದಕ್ಕೆ ಕೋಲ್ಡ್ ಲೀಕ್ ಅಂತಲೇ ಹೆಸರು. ರಬ್ಬರ್ ಪೈಪು, ಅದು ಕೂತಿರುವ ಲೋಹದ ಅಥವಾ ಪ್ಲಾಸ್ಟಿಕ್ ಮೂತಿ, ಮೇಲೆ ಬಿಗಿದ ಕ್ಲಿಪ್ಪು, ಈ ಮೂರೂ ಚಳಿಗೆ ಒಂದೇ ಪ್ರಮಾಣದಲ್ಲಿ ಕುಗ್ಗೋದಿಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ಚಪ್ಪಟೆಯಾಗಿ ಗಟ್ಟಿಯಾದ ರಬ್ಬರ್‌ಗೆ ಮತ್ತೆ ಉಬ್ಬಿ ಸಂದು ತುಂಬುವ ಶಕ್ತಿ ಇರೋದಿಲ್ಲ. ಸ್ಕ್ರೂ ತಿರುಗಿಸಿ ಬಿಗಿಯುವ ಪಟ್ಟಿ ಕ್ಲಿಪ್ ಬಿಗಿದ ಅಳತೆಯಲ್ಲೇ ನಿಂತಿರುತ್ತೆ, ರಬ್ಬರ್ ಕುಗ್ಗಿದರೆ ತಾನು ಹಿಂದೆ ಬರೋದಿಲ್ಲ. ಇಂಜಿನ್ ಕಾದು ಎಲ್ಲ ಹಿಗ್ಗಿದಾಗ ಸಂದು ತಾನೇ ಮುಚ್ಚಿಕೊಳ್ಳುತ್ತೆ. ಅದಕ್ಕೇ ನಿಮಗೆ ಓಡಿಸಿ ಬಂದಾಗ ಏನೂ ಕಾಣೋದಿಲ್ಲ.

ಹಾಗಾಗಿ ಹುಡುಕಬೇಕಾದ್ದು ಬೆಳಿಗ್ಗೆ, ಕಾರು ಚಾಲೂ ಮಾಡುವ ಮುಂಚೆ, ಕೈಯಲ್ಲಿ ಒಳ್ಳೆ ಟಾರ್ಚ್ ಹಿಡಿದು. ರಾತ್ರಿಯೇ ಇಂಜಿನ್ ಅಡಿಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಎರಡು ಚಕ್ರಗಳ ಜಾಗ ಅದರ ಮೇಲೆ ಪೆನ್ನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಬಿದ್ದ ಜಾಗದಿಂದ ನೇರ ಮೇಲಕ್ಕೆ ನೋಡಬೇಡಿ, ದ್ರವ ಪೈಪಿನ ಹೊಟ್ಟೆ ಹಿಡಿದು ಹರಿದು ದೂರದಲ್ಲಿ ಬೀಳುತ್ತೆ. ಮೇಲಿಂದ ಕೆಳಕ್ಕೆ ಬನ್ನಿ. ಡಬ್ಬಿ, ಅದರ ಮುಚ್ಚಳ, ರೇಡಿಯೇಟರ್‌ನ ಮೇಲಿನ ಪೈಪಿನ ಎರಡೂ ತುದಿ, ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ಕೂಲೆಂಟಿಗೆ ದಾರಿ ತೆರೆಯುವ ಕವಾಟ) ಕೂತಿರುವ ಮನೆ, ಹೀಟರ್‌ಗೆ ಹೋಗುವ ಎರಡು ಸಣ್ಣ ಪೈಪು, ಆಮೇಲೆ ಕೆಳಗಿನ ಪೈಪು. ರೇಡಿಯೇಟರ್‌ನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಜಾಲರಿಗೆ ಸೇರುವ ಅಂಚನ್ನೂ ಬೆರಳಾಡಿಸಿ ನೋಡಿ. ಅಲ್ಲಿಯ ರಬ್ಬರ್ ವಾಷರ್ ಕೂಡ ಚಳಿಗೇ ಮೊದಲು ಬಿಟ್ಟುಕೊಡೋದು. ವಾಟರ್ ಪಂಪಿನ ಕೆಳಗೆ ಬೇಕಂತಲೇ ಬಿಟ್ಟಿರುವ ಒಂದು ಸಣ್ಣ ತೂತು ಇರುತ್ತೆ, ಅದರಿಂದ ಇಳಿದ ಒಣ ಗೆರೆ ಕಂಡರೆ ಪಂಪಿನ ಸೀಲ್ ಮುಗಿದಿದೆ ಅಂತ ಅರ್ಥ.

ಬಿಳಿ ಟಿಶ್ಯೂ ಕಾಗದದಿಂದ ಪ್ರತಿ ಕೀಲನ್ನೂ ಒರೆಸಿ. ತೇವ ಇಲ್ಲದಿದ್ದರೂ ಒಣಗಿದ ಕೂಲೆಂಟ್ ಉಪ್ಪಿನಂಥ ಪುಡಿ ಬಿಟ್ಟಿರುತ್ತೆ, ನಿಮ್ಮದು ಗುಲಾಬಿ ಛಾಯೆಯದ್ದು. ಆ ಪುಡಿಯೇ ಸಾಕ್ಷಿ.

ಇಷ್ಟರಲ್ಲೂ ಸಿಗದಿದ್ದರೆ ಪ್ರೆಶರ್ ಟೆಸ್ಟರ್ ಬಾಡಿಗೆಗೆ ತನ್ನಿ. ತಣ್ಣನೆ ಇಂಜಿನ್‌ನ ಡಬ್ಬಿಗೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಅಚ್ಚೊತ್ತಿರುವ ಒತ್ತಡದಷ್ಟು ಮಾತ್ರ ಪಂಪ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಅದು 0.9ರಿಂದ 1.4 ಬಾರ್ ಒಳಗೆ ಇರುತ್ತೆ. ಹದಿನೈದು ನಿಮಿಷ ಮುಳ್ಳು ಅಲ್ಲಾಡದೆ ನಿಲ್ಲಬೇಕು.

ಇಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ. ಒತ್ತಡ ಇರೋದರಿಂದ ಒಳಗಿನ ದ್ರವ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ, ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತೆ. ಮೇಲಿನ ಪೈಪನ್ನು ಅಮುಕಿದರೆ ಅದು ತಣ್ಣಗೂ ಮೆತ್ತಗೂ ಇರಬೇಕು, ಆಮೇಲೆ ಕೈ ಹಾಕಿ.

ಪ್ರಶ್ನೆ ಕೇಳಿದವರು

ಸಿಕ್ತು! ಮೇಲಿನ ಪೈಪು ಥರ್ಮೋಸ್ಟಾಟ್ ಮನೆಗೆ ಸೇರುವ ಕಡೆ. ಟಿಶ್ಯೂ ಗುಲಾಬಿ ಆಯ್ತು, ಕ್ಲಿಪ್ಪಿನ ಸುತ್ತ ಬಿಳಿ-ಗುಲಾಬಿ ಪುಡಿ ಕಟ್ಟಿದೆ. ಸ್ಕ್ರೂ ಇರುವ ಪಟ್ಟಿ ಕ್ಲಿಪ್, ಯಾವಾಗಲೋ ಯಾರೋ ಬದಲಿಸಿದ್ದಿರಬೇಕು, ಪೈಪಿನ ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಥರದ್ದು ಇದೆ. ರಿಫ್ರ್ಯಾಕ್ಟೋಮೀಟರ್ ತಂದೆ. ಮೈನಸ್ 15 ತೋರಿಸ್ತಿದೆ, ನೀವು ಹೇಳಿದ್ದೇ ಬಂತು.

ಕ್ಲಿಪ್ಪನ್ನು ಇನ್ನೆರಡು ಸುತ್ತು ಬಿಗಿದುಬಿಟ್ಟರೆ ಸಾಕಾ?

ಉತ್ತರ (ಮೆಕ್ಯಾನಿಕ್)

ಒಂದೆರಡು ದಿನಕ್ಕೆ ಸಾಕಾಗಬಹುದು. ಆದರೆ ಹಾಗೆ ಬಿಗೀತಾ ಹೋದರೆ ಪಟ್ಟಿಯ ಅಂಚು ರಬ್ಬರ್ ಒಳಗೆ ಇಳಿದು ಕತ್ತರಿಸುತ್ತೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಥರ್ಮೋಸ್ಟಾಟ್ ಮನೆ ಪ್ಲಾಸ್ಟಿಕ್ ಆಗಿದ್ದರೆ ಹನ್ನೊಂದು ವರ್ಷ ಕಾದು ಕಾದು ಪೆಡಸಾಗಿರುತ್ತೆ, ಚಳಿಯಲ್ಲಿ ಇನ್ನೂ ಪೆಡಸು. ಮೂತಿ ಪಟ್ ಅಂದರೆ ಆ ಕಾರು ಅಲ್ಲಿಂದ ಅಲ್ಲಾಡೋದಿಲ್ಲ. ಕ್ಲಿಪ್ಪಿನ ಜೊತೆ ಪೈಪನ್ನೂ ಹೊಸದು ಹಾಕಿ. ಹೇಗೂ ಕೂಲೆಂಟ್ ತೆಗೀಬೇಕು, ಎರಡೂ ಒಂದೇ ಕೆಲಸದಲ್ಲಿ ಮುಗಿಯುತ್ತೆ.

ಕ್ಲಿಪ್ ತರುವಾಗ ಸ್ಪ್ರಿಂಗ್ ಥರದ್ದನ್ನೇ ತನ್ನಿ. ಅದು ರಬ್ಬರ್ ಕುಗ್ಗಿದರೆ ತಾನೂ ಕುಗ್ಗಿ ಒತ್ತಡ ಬಿಡದೆ ಹಿಡಿದಿರುತ್ತೆ, ಹಿಗ್ಗಿದರೆ ತಾನೂ ಬಿಚ್ಚಿಕೊಳ್ಳುತ್ತೆ. ಕಾರು ಕಾರ್ಖಾನೆಯಿಂದ ಬಂದಾಗ ಎರಡೂ ತುದಿಗೆ ಅದೇ ಇತ್ತು ಅಂತ ಕಾಣುತ್ತೆ. ಅಳತೆ ಕ್ಲಿಪ್ಪಿನ ಕಿವಿಯ ಮೇಲೆ ಅಚ್ಚಾಗಿರುತ್ತೆ, ಇನ್ನೊಂದು ತುದಿಯದ್ದನ್ನು ನೋಡಿಕೊಂಡು ಹೋಗಿ. ಆದರೆ ಎರಡು ಮೂತಿಗಳ ಅಳತೆ ಒಂದೇನಾ ಅಂತಲೂ ಖಾತ್ರಿ ಮಾಡಿಕೊಳ್ಳಿ.

ಕೂಲೆಂಟ್ ಬಣ್ಣ ನೋಡಿ ಕೊಳ್ಳಬೇಡಿ. ಗುಲಾಬಿ, ಹಸಿರು, ನೀಲಿ ಎಲ್ಲ ತಯಾರಕರು ಹಾಕುವ ಬಣ್ಣ ಅಷ್ಟೇ, ಯಾವ ಬಣ್ಣಕ್ಕೆ ಯಾವ ರಾಸಾಯನಿಕ ಅಂತ ಎಲ್ಲರೂ ಪಾಲಿಸುವ ನಿಯಮ ಇಲ್ಲ. ಕೈಪಿಡಿಯಲ್ಲಿ ಬರೆದಿರುವ ಸ್ಪೆಸಿಫಿಕೇಶನ್ ನೀವು ಕೊಳ್ಳುವ ಕ್ಯಾನಿನ ಹಿಂದೆಯೂ ಇರಬೇಕು. ಹೊಂದದ ಎರಡು ಬಗೆ ಸೇರಿದರೆ ತುಕ್ಕು ತಡೆಯುವ ಗುಣ ಬೇಗ ಸಾಯುತ್ತೆ, ಕೆಲವು ಸೇರಿಕೆಗಳಲ್ಲಿ ಲೋಳೆಯಂತೆ ಕಟ್ಟಿಕೊಳ್ಳುತ್ತೆ. ನಿಮಗೆ ಬೇಕಾದ್ದು ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸದೇ ಇರುವುದು. ಮೊದಲೇ ಬೆರೆಸಿ ಮಾರುವುದನ್ನು ತಂದರೆ ನಿಮ್ಮ ತೆಳುವಾದ ಮಿಶ್ರಣವನ್ನು ಮೇಲೆತ್ತೋಕೆ ಆಗೋದಿಲ್ಲ. ಜೊತೆಗೆ ಡಿಸ್ಟಿಲ್ಡ್ ವಾಟರ್.

ಈಗ ಲೆಕ್ಕ. ಮೇಲಿನ ಪೈಪಿನ ಮಟ್ಟಕ್ಕಿಂತ ಕೆಳಗಿಳಿಯುವಷ್ಟು, ಸುಮಾರು ಎರಡು ಲೀಟರ್, ರೇಡಿಯೇಟರ್ ಕೆಳಗಿನ ತಿರುಪಿನಿಂದ ಅಳತೆ ಇರುವ ಪಾತ್ರೆಗೆ ಇಳಿಸಿ. ಉಳಿದ ನಾಲ್ಕು ಲೀಟರ್‌ನಲ್ಲಿ ಶೇಕಡಾ 30ರಂತೆ 1.2 ಲೀಟರ್ ಗ್ಲೈಕಾಲ್ ಇದೆ. ಆರು ಲೀಟರ್‌ಗೆ ಅರ್ಧ ಅಂದರೆ ಮೂರು ಬೇಕು. ಹಾಗಾಗಿ 1.8 ಲೀಟರ್ ಕಾನ್ಸಂಟ್ರೇಟ್, 0.2 ಲೀಟರ್ ಡಿಸ್ಟಿಲ್ಡ್ ವಾಟರ್. ಮೊದಲು ಕಾನ್ಸಂಟ್ರೇಟ್ ಪೂರ್ತಿ ಹೋಗಲಿ, ಆಮೇಲೆ ನೀರು. ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂದುಕೊಳ್ಳಬೇಡಿ. ಬರೀ ಎಥಿಲೀನ್ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತೆ, ಶಾಖವನ್ನೂ ನೀರಿನಷ್ಟು ಹೊತ್ತೊಯ್ಯೋದಿಲ್ಲ. ನೀರು ಗ್ಲೈಕಾಲ್ ಸೇರಿದಾಗಲೇ ಇಬ್ಬರಿಗೂ ಶಕ್ತಿ.

ಎಲ್ಲ ತೆಗೆದು ಒಳಗೆ ತೊಳೆದುಬಿಡೋಣ ಅಂತ ಅನ್ನಿಸಬಹುದು. ಈ ಚಳಿಯಲ್ಲಿ ಬೇಡ. ತೊಳೆದ ಬರೀ ನೀರು ಬ್ಲಾಕಿನ ಒಳಗೆ, ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್ ಆದ ಹೀಟರ್ ಕೋರ್‌ನಲ್ಲಿ ಲೀಟರ್‌ಗಟ್ಟಲೆ ನಿಂತುಬಿಡುತ್ತೆ, ಎಷ್ಟು ಬಸಿದರೂ ಪೂರ್ತಿ ಬರೋದಿಲ್ಲ. ಕೆಲಸ ಅರ್ಧಕ್ಕೆ ನಿಂತು ರಾತ್ರಿಯಾದರೆ ನೀವು ತಪ್ಪಿಸಬೇಕು ಅಂತಿದ್ದ ಅನಾಹುತವನ್ನೇ ಕರೆದ ಹಾಗೆ. ನಲ್ಲಿ ನೀರಿನ ಖನಿಜ ಒಳಗೆ ಸೇರಿರೋದು ನಿಜ, ಚಳಿ ಕಳೆದ ಮೇಲೆ ಪೂರ್ತಿ ಬದಲಿಸಿ.

ಇನ್ನು ಕೈ ಕೆಲಸ. ದಿನದ ಬೆಚ್ಚಗಿನ ಹೊತ್ತಿನಲ್ಲಿ, ಸಮತಟ್ಟಾದ ನೆಲದ ಮೇಲೆ ಮಾಡಿ. ತಿರುಪು ಕೆಳಗಿದೆ, ಕೈ ಎಟುಕೋದಿಲ್ಲ ಅಂತ ಜ್ಯಾಕ್ ಹಾಕುವುದಾದರೆ ಕೆಳಗೆ ಮಂಜಿನ ಪದರ ಇರಬಾರದು, ಸ್ಟ್ಯಾಂಡ್ ಇಲ್ಲದೆ ಕಾರಿನಡಿ ತಲೆ ಹಾಕಬಾರದು. ಕೀಲಿ ತೆಗೆದು ಜೇಬಲ್ಲಿಟ್ಟುಕೊಳ್ಳಿ, ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗುವ ಕಾರುಗಳಿವೆ.

ಹಳೇ ಪೈಪು ಮೂತಿಗೆ ಅಂಟಿಕೊಂಡಿರುತ್ತೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಮೂತಿ ಸೀಳುತ್ತೆ. ಹೇಗೂ ಬಿಸಾಡುವ ಪೈಪು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಆದರೆ ಬ್ಲೇಡ್ ಪೂರ್ತಿ ಇಳಿದು ಮೂತಿಗೆ ಗೀರು ಬೀಳಬಾರದು. ಮುಕ್ಕಾಲು ದಪ್ಪ ಕೊಯ್ದು ಉಳಿದದ್ದನ್ನು ಕೈಯಲ್ಲಿ ಬಿಡಿಸಿ, ಸಿಪ್ಪೆ ಬಂದ ಹಾಗೆ ಬರುತ್ತೆ.

ಆಮೇಲೆ ಆ ಮೂತಿಯನ್ನು ಒಂದು ನಿಮಿಷ ಕಣ್ಣಿಟ್ಟು ನೋಡಿ. ಲೋಹದ್ದಾದರೆ ಬಿಳಿ ಪುಡಿ ಕಟ್ಟಿ ಗುಂಡಿ ಬಿದ್ದಿರುತ್ತೆ, ಹಳೇ ರಬ್ಬರಿನ ಕಪ್ಪು ಪದರವೂ ಇರುತ್ತೆ. ನುಣ್ಣನೆ ಉಜ್ಜುವ ಪ್ಯಾಡ್‌ನಿಂದ ಸುತ್ತಲೂ, ಬಳೆ ತಿರುಗಿಸಿದ ಹಾಗೆ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಬೀಳುವ ಪ್ರತಿ ಗೀರೂ ಒಳಗಿನಿಂದ ಹೊರಗೆ ಒಂದು ಸಣ್ಣ ಕಾಲುವೆ, ಹೊಸ ಪೈಪು ಹಾಕಿದರೂ ಅಲ್ಲಿಂದಲೇ ಜಿನುಗುತ್ತೆ. ಎಷ್ಟೋ ಜನ ಪೈಪು ಕ್ಲಿಪ್ಪು ಎರಡೂ ಬದಲಿಸಿ, ಮತ್ತೆ ಸೋರುತ್ತೆ ಅಂತ ಬರೋದು ಇದೊಂದೇ ಕಾರಣಕ್ಕೆ. ಪ್ಲಾಸ್ಟಿಕ್ ಮೂತಿಯಾದರೆ ಉಗುರಲ್ಲಿ ಸುತ್ತ ಸವರಿ, ಬಿರುಕು ಇದ್ದರೆ ಉಗುರು ತಡೆಯುತ್ತೆ. ಬಿರುಕಿದ್ದರೆ ಮನೆಯನ್ನೇ ಬದಲಿಸಬೇಕು.

ಹೊಸ ಪೈಪು ಚಳಿಗೆ ಮರದ ತುಂಡಿನಂತೆ ಬಿರುಸಾಗಿರುತ್ತೆ, ಮೂತಿಗೆ ಏರೋದಿಲ್ಲ. ಅದರ ತುದಿಯನ್ನು ಮೂರು ನಾಲ್ಕು ನಿಮಿಷ ಬಿಸಿ ನೀರಲ್ಲಿ ಇಳಿಬಿಡಿ. ಮೆತ್ತಗಾದ ತಕ್ಷಣ ಒಳಗಿನ ನೀರು ಒದರಿ, ಒಂದೆರಡು ಹನಿ ಕೂಲೆಂಟ್ ಸವರಿ ತಿರುಗಿಸುತ್ತಾ ಒತ್ತಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಈ ರಬ್ಬರ್ ಎಣ್ಣೆಗೆ ಉಬ್ಬಿ ಕೊಳೆಯುತ್ತೆ. ಕ್ಲಿಪ್ಪನ್ನು ಮೊದಲೇ ಪೈಪಿಗೆ ತೊಡಿಸಿರಬೇಕು. ಮೂತಿಯ ತುದಿಯಲ್ಲಿ ಒಂದು ದಿಂಡು ಇರುತ್ತಲ್ಲ, ಕ್ಲಿಪ್ ಅದನ್ನು ದಾಟಿ ಒಳಗಡೆ ಕೂರಬೇಕು. ದಿಂಡಿನ ಮೇಲೆಯೇ ಕೂತರೆ ಮೊದಲ ದಿನ ಚೆನ್ನಾಗಿರುತ್ತೆ, ಆಮೇಲೆ ಒತ್ತಡಕ್ಕೆ ಜಾರುತ್ತೆ. ಸ್ಪ್ರಿಂಗ್ ಕ್ಲಿಪ್ ಇಕ್ಕಳದಿಂದ ಚಿಮ್ಮಿದರೆ ಕಣ್ಣಿಗೆ ಬರುತ್ತೆ, ಕನ್ನಡಕ ಹಾಕಿಕೊಂಡೇ ಮಾಡಿ.

ಮತ್ತೊಬ್ಬ ಸದಸ್ಯರು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇಷ್ಟೆಲ್ಲ ಬದಲು ಆ ಸೋರಿಕೆ ಮುಚ್ಚುವ ದ್ರಾವಣ ಸಿಗುತ್ತಲ್ಲ, ಅದನ್ನೇ ಡಬ್ಬಿಗೆ ಸುರಿದರೆ? ನನ್ನದು ರೇಡಿಯೇಟರ್‌ನ ಪ್ಲಾಸ್ಟಿಕ್ ತೊಟ್ಟಿಯಲ್ಲೇ ಕೂದಲೆಳೆ ಬಿರುಕು. ಎಪಾಕ್ಸಿ ಹಚ್ಚಿ ಮೇಲೆ ಈ ದ್ರಾವಣ ಹಾಕೋಣ ಅಂತಿದ್ದೇನೆ.

ಉತ್ತರ (ಮೆಕ್ಯಾನಿಕ್)

ನಾನು ಬೇಡ ಅಂತೀನಿ. ಆ ದ್ರಾವಣಕ್ಕೆ ಬಿರುಕು ಯಾವುದು, ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗೋದಿಲ್ಲ. ಹೀಟರ್ ಕೋರ್‌ನ ಕೊಳವೆಗಳು ಬಹಳ ಕಿರಿದು, ಅಲ್ಲೂ ಹೋಗಿ ಕೂರುತ್ತೆ. ಆಮೇಲೆ ಚಳಿಗಾಲದಲ್ಲಿ ಹೀಟರ್ ತಣ್ಣನೆ ಗಾಳಿ ಬಿಡುತ್ತೆ, ಮುಂದಿನ ಗಾಜಿನ ಮಂಜು ಹೋಗೋದಿಲ್ಲ, ದಾರಿ ಕಾಣೋದಿಲ್ಲ. ಊರಿಂದ ದೂರ ಸಿಕ್ಕಿಹಾಕಿಕೊಂಡಿದ್ದೀರಿ, ಮನೆ ಸೇರಲೇಬೇಕು ಅನ್ನುವಾಗ ಹಾಕಿದರೆ ತಪ್ಪು ಅನ್ನೋದಿಲ್ಲ, ಸೇರಿದ ಮೇಲೆ ದುರಸ್ತಿ ಮಾಡಿಸಿ ಪೂರ್ತಿ ತೊಳೆಸಬೇಕು.

ತೊಟ್ಟಿಯ ಬಿರುಕಿಗೆ ಎಪಾಕ್ಸಿಯೂ ಬಾಳೋದಿಲ್ಲ. ಆ ಪ್ಲಾಸ್ಟಿಕ್ ದಿನಾ ಮಂಜಿನ ಚಳಿಯಿಂದ ನೂರು ಡಿಗ್ರಿಗೆ ಹೋಗಿ ಬರುತ್ತೆ, ಹಿಗ್ಗಿ ಕುಗ್ಗಿ ಅಂಟನ್ನು ಎಬ್ಬಿಸುತ್ತೆ. ಬಿರುಕು ಕಂಡಿದೆ ಅಂದರೆ ಅದರ ಪಕ್ಕದ ಪ್ಲಾಸ್ಟಿಕ್ಕೂ ಅಷ್ಟೇ ಹಳತು. ರೇಡಿಯೇಟರ್ ಬದಲಿಸಿ. ಹಲವು ಕಾರುಗಳಲ್ಲಿ ಅದು ಮನೆಯಲ್ಲೇ ಅರ್ಧ ದಿನದ ಕೆಲಸ.

ಮತ್ತೊಬ್ಬ ಸದಸ್ಯರು

ನನ್ನ ಕಾರಿನಲ್ಲಿ ಹೊರಗೆ ಒಂದು ಹನಿ ಸೋರೋದಿಲ್ಲ, ಆದರೆ ಮಟ್ಟ ಇಳೀತಿದೆ. ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಹೊಗೆ. ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಎಲ್ಲರೂ ಹೆದರಿಸ್ತಿದ್ದಾರೆ.

ಉತ್ತರ (ಮೆಕ್ಯಾನಿಕ್)

ಬಿಳಿ ಹೊಗೆಯೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಪೆಟ್ರೋಲ್ ಉರಿದಾಗ ನೀರಾವಿ ಬರುತ್ತೆ, ಚಳಿಗೆ ಅದು ಬಿಳಿಯಾಗಿ ಕಾಣೋದು ಸಹಜ. ಇಂಜಿನ್ ಚೆನ್ನಾಗಿ ಕಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯಿಂದ ಬರ್ತಿದ್ದರೆ ಆಗ ಯೋಚನೆ ಮಾಡಬೇಕು. ಕಾರಿನೊಳಗೆ ಒಮ್ಮೆ ನೋಡಿ. ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ಪದರ ಕಟ್ಟುತ್ತಾ? ಮುಂದಿನ ಸೀಟಿನ ಕಾಲ ಬಳಿ ಕಾರ್ಪೆಟ್ ಎತ್ತಿ ಅಡಿಯ ಸ್ಪಂಜು ಹಿಂಡಿ. ಅಂಟಂಟು ತೇವ ಬಂದರೆ ಅದು ಹೀಟರ್ ಕೋರ್. ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಏರ್‌ಬ್ಯಾಗ್ ವೈರುಗಳೂ ಅಲ್ಲೇ ಇರ್ತವೆ, ಅದನ್ನು ಮನೆಯಲ್ಲಿ ಕೈಗೆತ್ತಿಕೊಳ್ಳಬೇಡಿ.

ಎರಡೂ ಅಲ್ಲದಿದ್ದರೆ ಬ್ಲಾಕ್ ಟೆಸ್ಟರ್‌ನಿಂದ ನೋಡಿ. ಡಬ್ಬಿಯ ಬಾಯಿಗೆ ಹಿಡಿದು ಒಳಗಿನ ಗಾಳಿಯನ್ನು ಒಂದು ನೀಲಿ ದ್ರಾವಣದೊಳಗೆ ಎಳೆಯೋದು. ಪೆಟ್ರೋಲ್ ಇಂಜಿನ್‌ನಲ್ಲಿ ಅದು ಹಳದಿಗೆ ತಿರುಗಿದರೆ ಸಿಲಿಂಡರ್‌ನ ಹೊಗೆ ಕೂಲೆಂಟ್ ಸೇರ್ತಿದೆ ಅಂತ ಅರ್ಥ. ಆಗ ಓಡಿಸೋದು ನಿಲ್ಲಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಪ್ರಶ್ನೆ ಕೇಳಿದವರು

ಪೈಪು, ಕ್ಲಿಪ್ ಹಾಕಿದೆ. ಬಿಸಿ ನೀರಿನ ಉಪಾಯ ಇಲ್ಲದಿದ್ದರೆ ಆಗ್ತಿರಲಿಲ್ಲ, ಸಲೀಸಾಗಿ ಕೂತುಕೊಳ್ತು. ಮೂತಿ ಅಲ್ಯೂಮಿನಿಯಂದು, ಗುಂಡಿ ಬಿದ್ದಿತ್ತು, ನೀವು ಹೇಳಿದ ಹಾಗೆ ಸುತ್ತಲೂ ಉಜ್ಜಿದೆ. ಕಾನ್ಸಂಟ್ರೇಟ್ ಹಾಕ್ತಿದ್ದೇನೆ, ಆದರೆ 1.4 ಲೀಟರ್‌ಗೇ ಡಬ್ಬಿ ತುಂಬಿಬಿಟ್ಟಿದೆ, ಇನ್ನು ಇಳೀತಿಲ್ಲ. ಗ್ಯಾರೇಜಿನ ಬಾಗಿಲು ಅರ್ಧ ತೆಗೆದು ಅಲ್ಲೇ ಇಂಜಿನ್ ಚಾಲೂ ಮಾಡಲಾ? ಹೊರಗೆ ವಿಪರೀತ ಚಳಿ.

ಉತ್ತರ (ಮೆಕ್ಯಾನಿಕ್)

ಬೇಡ, ದಯವಿಟ್ಟು ಕಾರನ್ನು ಹೊರಗೆ ತಳ್ಳಿ. ಅರ್ಧ ಬಾಗಿಲು ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತಿತು ಅನ್ನುವಷ್ಟರಲ್ಲಿ ಕಾಲು ಏಳೋದಿಲ್ಲ. ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಒಳಗಿರುವವರಿಗೂ ಅಪಾಯ.

ಇಳೀತಿಲ್ಲ ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮೇಲಿನ ಪೈಪನ್ನು ಕೈಯಲ್ಲಿ ಹತ್ತು ಹದಿನೈದು ಸಲ ಮೆಲ್ಲಗೆ ಹಿಂಡಿ, ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಬರುತ್ತೆ. ಥರ್ಮೋಸ್ಟಾಟ್ ಮನೆಯ ಮೇಲೋ ಹೀಟರ್ ಪೈಪಿನ ಮೇಲೋ ಗಾಳಿ ಬಿಡುವ ತಿರುಪು ಇದೆಯಾ ಅಂತ ಕೈಪಿಡಿಯಲ್ಲಿ ನೋಡಿ. ಇದ್ದರೆ ಸಡಿಲಿಸಿ, ಗುಳ್ಳೆ ಇಲ್ಲದ ಧಾರೆ ಬಂದಾಗ ಮುಚ್ಚಿ. ಆಮೇಲೆ ಹೊರಗೆ, ಕಾರಿನ ಮೂತಿ ಸ್ವಲ್ಪ ಏರಿನ ಕಡೆಗಿರಲಿ. ಹೀಟರ್ ಪೂರ್ತಿ ಬಿಸಿಗೆ, ಅದರ ಫ್ಯಾನ್ ಕಡಿಮೆಯಲ್ಲಿ. ಮುಚ್ಚಳ ತೆಗೆದೇ ಚಾಲೂ ಮಾಡಿ, ಇಳಿದಂತೆಲ್ಲ ಉಳಿದ 0.4 ಲೀಟರ್ ಸುರೀತಾ ಹೋಗಿ, ಆಮೇಲೆ ನೀರು. ದ್ರವ ಉಗುರುಬೆಚ್ಚಗಾಗಿ ಮೇಲೇಳೋಕೆ ಶುರುವಾದರೆ ಮುಚ್ಚಳ ಹಾಕಿಬಿಡಿ, ಬಿಸಿಯಾಗುವವರೆಗೆ ಕಾಯಬೇಡಿ. ಥರ್ಮೋಸ್ಟಾಟ್ 82ರಿಂದ 95 ಡಿಗ್ರಿ ಒಳಗೆ ಎಲ್ಲೋ ತೆರೆಯುತ್ತೆ, ಆಗ ಅಲ್ಲಿಯವರೆಗೆ ತಣ್ಣಗಿದ್ದ ರೇಡಿಯೇಟರ್ ಪೈಪು ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತೆ. ಫ್ಯಾನ್ ಒಂದು ಸಲ ತಿರುಗಿ ನಿಲ್ಲಲಿ, ಆಫ್ ಮಾಡಿ.

ಒಳಗೆ ಕೂತು ಹೀಟರ್ ಗಾಳಿಗೆ ಕೈ ಒಡ್ಡಿ. ಡ್ಯಾಶ್ಬೋರ್ಡಿನ ಮುಳ್ಳು ಬಿಸಿ ತೋರಿಸ್ತಿದ್ದು ಗಾಳಿ ತಣ್ಣಗಿದ್ದರೆ ಕೂಲೆಂಟ್ ದಾರಿಯಲ್ಲಿ ಇನ್ನೂ ಗಾಳಿ ಸಿಕ್ಕಿಕೊಂಡಿದೆ ಅಂತ. ಮುಳ್ಳನ್ನೊಂದೇ ನಂಬಬೇಡಿ ಅಂತಲೂ ಹೇಳಬೇಕು. ಮಟ್ಟ ತೀರಾ ಇಳಿದರೆ ಸೆನ್ಸಾರ್ ದ್ರವದಲ್ಲಿ ಮುಳುಗಿರೋದಿಲ್ಲ, ಇಂಜಿನ್ ಸುಡ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಹೀಟರ್ ತಣ್ಣಗಾಗೋದು ಅದಕ್ಕಿಂತ ಮೊದಲೇ ಬರುವ ಎಚ್ಚರಿಕೆ.

ಮತ್ತೊಬ್ಬ ಸದಸ್ಯರು

ಹೈಬ್ರಿಡ್ ಕಾರಿಗೂ ಇದೇ ಕ್ರಮವಾ?

ಉತ್ತರ (ಮೆಕ್ಯಾನಿಕ್)

ಅಲ್ಲ. ಇನ್ವರ್ಟರ್‌ಗೆ, ಕೆಲವದರಲ್ಲಿ ಬ್ಯಾಟರಿಗೆ ಬೇರೆಯದೇ ಕೂಲೆಂಟ್ ಸುತ್ತು ಇರುತ್ತೆ, ಪಕ್ಕದಲ್ಲೇ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳು. ಮಟ್ಟ ನೋಡಿ, ಇಳಿದಿದ್ದರೆ ತರಬೇತಿ ಇರುವವರ ಹತ್ತಿರ ಕೊಂಡೊಯ್ಯಿರಿ.

ಪ್ರಶ್ನೆ ಕೇಳಿದವರು

ಹೊರಗೆ ತಳ್ಳಿ ಮಾಡಿದೆ. ಹೀಟರ್ ಸುಡುವಷ್ಟು ಬಿಸಿ ಗಾಳಿ ಬಿಡ್ತಿದೆ. ತಣ್ಣಗಾದ ಮೇಲೆ ಎರಡು ಬೆರಳು ಇಳಿದಿತ್ತು, ನಿಮ್ಮ ಪ್ರಮಾಣದಲ್ಲೇ ಬೆರೆಸಿ ತುಂಬಿದೆ. ಮೂರು ದಿನ ಓಡಿಸಿ ಇವತ್ತು ರಿಫ್ರ್ಯಾಕ್ಟೋಮೀಟರ್ ಹಿಡಿದರೆ ಮೈನಸ್ 35. ನಿನ್ನೆ ರಾತ್ರಿ ಮೈನಸ್ 16 ಇತ್ತು, ಬೆಳಿಗ್ಗೆ ರಟ್ಟು ಒಣಗಿದೆ, ಟಿಶ್ಯೂ ಬಿಳಿಯಾಗಿಯೇ ಬಂತು. ತುಂಬಾ ಧನ್ಯವಾದ.

ಕೊನೆಯದೊಂದು. ಬಸಿದ ಎರಡು ಲೀಟರ್ ಒಂದು ತೆರೆದ ಬಕೆಟ್‌ನಲ್ಲಿ ಗ್ಯಾರೇಜಿನಲ್ಲೇ ಇದೆ. ಚರಂಡಿಗೆ ಹಾಕಬಹುದಾ? ನಮ್ಮಲ್ಲಿ ನಾಯಿ ಇದೆ.

ಉತ್ತರ (ಮೆಕ್ಯಾನಿಕ್)

ಇದನ್ನು ಓದಿದ ತಕ್ಷಣ ಎದ್ದು ಹೋಗಿ ಆ ಬಕೆಟ್ ಮುಚ್ಚಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ನಾಯಿ ಬೆಕ್ಕು ತಾವಾಗಿ ಹೋಗಿ ನೆಕ್ಕುತ್ತವೆ, ಮಕ್ಕಳೂ ಬೆರಳದ್ದಿ ಬಾಯಿಗಿಡ್ತಾರೆ. ಬೆಕ್ಕಿಗೆ ಒಂದು ಚಮಚದಷ್ಟೇ ಪ್ರಾಣಾಂತಕ. ನೆಕ್ಕಿದ ನಾಯಿ ಮೊದಲು ತೂರಾಡುತ್ತೆ, ವಾಂತಿ ಮಾಡುತ್ತೆ, ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತೆ. ಆ ಹೊತ್ತಿನಲ್ಲೇ ಒಳಗೆ ಮೂತ್ರಪಿಂಡ ಹಾಳಾಗ್ತಿರುತ್ತೆ. ಮದ್ದು ಇದೆ, ಆದರೆ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ. ನೆಕ್ಕಿರಬಹುದು ಅನ್ನುವ ಸಂಶಯ ಬಂದರೂ ಲಕ್ಷಣಕ್ಕೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ಕೂಲೆಂಟ್ ಅಂತಲೇ ಹೇಳಿ. ಮಗು ಕುಡಿದಿದ್ದರೆ ನೇರ ಆಸ್ಪತ್ರೆಗೆ.

ಚರಂಡಿಗೂ ಬೇಡ, ಮಣ್ಣಿಗೂ ಬೇಡ. ತಿರುಪು ಮುಚ್ಚಳದ ಕ್ಯಾನ್‌ಗೆ ಸುರಿದು, ಮೇಲೆ ‘ಹಳೇ ಕೂಲೆಂಟ್, ವಿಷ’ ಅಂತ ದೊಡ್ಡಕ್ಷರದಲ್ಲಿ ಬರೆದು, ಕುಡಿಯುವ ನೀರಿನ ಬಾಟಲಿ ಮಾತ್ರ ಬಳಸದೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ನೆಲದ ಮೇಲಿನ ಆ ಗುಲಾಬಿ ಕಲೆಗೆ ಮರದ ಹೊಟ್ಟು ಹರಡಿ, ಹೀರಿಕೊಂಡ ಮೇಲೆ ಗುಡಿಸಿ ಚೀಲಕ್ಕೆ ಕಟ್ಟಿ, ಸೋಪು ನೀರಲ್ಲಿ ತಿಕ್ಕಿ ಬಟ್ಟೆಯಲ್ಲಿ ಒರೆಸಿ. ಆ ರಟ್ಟನ್ನೂ ನಾಯಿಗೆ ಸಿಗುವ ಹಾಗೆ ಬಿಡಬೇಡಿ. ಹಳೆಯದು ತೆಗೆದು ಹೊಸ ರಟ್ಟು ಹಾಸಿ, ಇನ್ನೊಂದು ವಾರ ಬೆಳಿಗ್ಗೆ ಒಮ್ಮೆ ಬಗ್ಗಿ ನೋಡಿ.